ರೋಗಬೀಜದ ಭಯವೂ ದುಡಿಯುವ ಕೈಗಳೂ

ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತು ಸರಕಾರಗಳು ಮಾತನಾಡತೊಡಗಿದರೆ ನಮ್ಮ ವಾಚಕರಲ್ಲಿ ಅನೇಕರು ಪತ್ರಿಕೆಯ ಆ ಪುಟವನ್ನು ಮಗುಚಿ ಮುಂದಕ್ಕೆ ಹೋಗುವುದುಂಟು. ಅದು ದಿಲ್ಲಿಯ, ವಾಷಿಂಗ್ಟನ್ನಿನ, ವಿಶ್ವಸಂಸ್ಥೆಯ ದೊಡ್ಡವರ ವಿಚಾರ. ಬೆಳಗಿನ ನಾಲ್ಕು ಗಂಟೆಗೆದ್ದು ಒಲೆ ಹೊತ್ತಿಸುವ ಅಡಿಗೆಯವನಿಗೂ, ವಿರಾರದ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಕಚೇರಿಗೆ ಹೋಗುವ ಗುಮಾಸ್ತನಿಗೂ ಅದರಿಂದ ಆಗಬೇಕಾದುದೇನು ಎಂಬ ಭಾವನೆ ಸ್ವಾಭಾವಿಕವಾದುದೇ. ಆದರೆ ಆ ಭಾವನೆ ಸರಿಯಲ್ಲವೆಂದು ನಮಗೆ ತೋರುತ್ತದೆ. ರೋಗಾಣುಗಳನ್ನೂ ವಿಷವಾಯುವನ್ನೂ ಆಯುಧವಾಗಿ ಬಳಸಿದ ಭಯೋತ್ಪಾದಕ ಪ್ರಕರಣಗಳು ಜಗತ್ತಿನಲ್ಲಿ ಹೆಚ್ಚಾಗಿಲ್ಲ. ನಡೆದಿರುವ ಕೆಲವನ್ನು ಎದುರಿಗಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗುರಿ ಯಾರೇ ಆಗಿರಲಿ, ಪೆಟ್ಟು ಬಿದ್ದುದು ಹೋಟೆಲಿನವರಿಗೆ, ಟಪಾಲು ವಿಂಗಡಿಸುವವರಿಗೆ, ರೈಲ್ವೆ ನಿಲ್ದಾಣದ ನೌಕರರಿಗೆ. ಸರಕಾರಗಳ ಕಣ್ಣಿಗೆ ಕಡೆಯಲ್ಲಿ ಬಿದ್ದವರೂ ಅವರೇ.

ಮೊದಲು ನಮ್ಮ ಉದ್ಯೋಗಕ್ಕೇ ಸಂಬಂಧಿಸಿದ ಪ್ರಕರಣವನ್ನು ಎತ್ತಿಕೊಳ್ಳೋಣ. ಪುಣೆಯಲ್ಲಿರುವ ನಮ್ಮ ವಾಚಕರಿಗೆ ಕೋರೆಗಾಂವ್ ಪಾರ್ಕಿನ ರಜನೀಶ ಆಶ್ರಮದ ಪರಿಚಯ ಮಾಡಿಕೊಡಬೇಕಾಗಿಲ್ಲ. ೧೯೮೧ರಲ್ಲಿ ರಜನೀಶರು ಆ ಆಶ್ರಮವನ್ನು ಬಿಟ್ಟು ಅಮೇರಿಕೆಗೆ ತೆರಳಿದರು. ಅವರ ಅನುಯಾಯಿಗಳು ಆರೆಗಾನ್ ರಾಜ್ಯದ ವಾಸ್ಕೋ ಜಿಲ್ಲೆಯಲ್ಲಿ ವಿಶಾಲವಾದ ಗೋಮಾಳವೊಂದನ್ನು ಕೊಂಡು ರಜನೀಶಪುರಂ ಎಂಬ ಪಟ್ಟಣವನ್ನೇ ಕಟ್ಟಿದರು. ಭೂಮಿಯ ಬಳಕೆ, ಕಟ್ಟಡಗಳ ಪರವಾನಿಗೆ ಮೊದಲಾದ ವಿಷಯಗಳಲ್ಲಿ ಜಿಲ್ಲೆಯ ಆಡಳಿತದೊಡನೆ ಅವರಿಗೆ ತಂಟೆ ಬೆಳೆಯಿತು. ೧೯೮೪ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಚುನಾವಣೆ ಬರಲಿತ್ತು. ಊರಿನ ಮತದಾರರು ಹೊಟ್ಟೆನೋವಿನಿಂದ ಹಾಸಿಗೆ ಹಿಡಿದರೆ ತಮ್ಮ ಹುರಿಯಾಳುಗಳು ಗೆಲ್ಲಬಹುದೆಂಬ ವಿಚಿತ್ರವಾದ ಎಣಿಕೆ ಆ ಪಂಗಡದ ಕೆಲವು ಮುಂದಾಳುಗಳ ತಲೆಯಲ್ಲಿ ಮೂಡಿತು. ಇವರಿಗೆ ನಾಯಕಿಯಾಗಿದ್ದವರು ರಜನೀಶರ ಕಾರ್ಯದರ್ಶಿನಿ ಮಾ ಆನಂದ ಶೀಲಾ.

ಡ್ಯಾಲ್ಸ್ ಎಂಬುದು ಕೊಲಂಬಿಯಾ ನದಿಯ ದಂಡೆಯ ಮೇಲಿರುವ ಸಣ್ಣ ಊರು. ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಅಲ್ಲಿಯ ಹತ್ತು ಹೋಟೆಲುಗಳಲ್ಲಿ, ಗಿರಾಕಿಗಳು ತಾವೇ ಬಡಿಸಿಕೊಳ್ಳಲೆಂದು ಇರಿಸಿದ ಹಸಿ ಕಾಯಿಪಲ್ಲೆಯ ಬಟ್ಟಲುಗಳಿಗೂ ಮತ್ತಿತರ ಪದಾರ್ಥಗಳಿಗೂ ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನು ಬೆರೆಸಲಾಯಿತು. ೭೫೧ ಮಂದಿ ಕಾಯಿಲೆ ಬಿದ್ದರು. ೪೫ ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೈವವಶಾತ್ ಒಬ್ಬರೂ ಸಾಯಲಿಲ್ಲ. ಬಡಿಸುವವರೂ ಅಡಿಗೆಯವರೂ ಸಹ ಈ ಕಾಯಿಲೆಗೆ ತುತ್ತಾದರೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಸರಕಾರ ಸುಮ್ಮನಿರಲಿಲ್ಲ. ರಾಜ್ಯದ ಆರೋಗ್ಯ ಇಲಾಖೆಯವರು ಬಂದರು; ಅಟ್ಲಾಂಟಾದಲ್ಲಿರುವ ರೋಗನಿಯಂತ್ರಣ ಕೇಂದ್ರದ ತಜ್ಞರೂ ಬಂದರು. ಯಾರು ಏನನ್ನು ತಿಂದರು, ಎಲ್ಲಿ ತಿಂದರು, ಸಾಮಾನು ಯಾವ ವರ್ತಕನಿಂದ ಬಂತು, ನೀರು ಎಲ್ಲಿಯದು ಎಂದು ಶ್ರಮಪಟ್ಟು ವಿಚಾರಿಸಿದರು. ಎಲ್ಲ ಹೋಟೆಲುಗಳಿಗೂ ಸಮಾನವಾದ ಮೂಲವೊಂದು ಅವರ ಕೈಗೆ ಸಿಗಲಿಲ್ಲ. ಬೇಕೆಂದೇ ಯಾರಾದರೂ ಮಾಡಿರಬಹುದೇ ಎಂಬ ವಿಚಾರವೂ ಬಂತು. ಆದರೆ ಯಾರೂ ಹೊಣೆ ಹೊತ್ತುಕೊಂಡಿರಲಿಲ್ಲ, ಯಾರೂ ಬೇಡಿಕೆ ಇಟ್ಟಿರಲಿಲ್ಲ. ಇಂಥ ಕೃತ್ಯದ ಹಿಂದಿನ ನಿದರ್ಶನವೂ ಆ ದೇಶದಲ್ಲಿರಲಿಲ್ಲ. ಆದಕಾರಣ ಆ ವಿಚಾರವನ್ನು ಬದಿಗಿಟ್ಟು ರಾಜ್ಯದ ಅಧಿಕಾರಿಗಳು ಬಂದು ಮುಟ್ಟಿದ ತೀರ್ಮಾನವೇನು? ಆಹಾರವನ್ನು ಮುಟ್ಟುವ ನೌಕರರು ಸರಿಯಾಗಿ ಕೈ ತೊಳೆಯುತ್ತಿರಲಿಲ್ಲ, ರೋಗ ಅವರಿಂದಲೇ ಹರಡಿರಬೇಕು ಎಂದು!

ಗಲ್ಲಾದ ಮುಂದೆ ಅನೇಕ ವರ್ಷ ಕುಳಿತು ಎದ್ದು ಬಂದ ನಮಗೆ ಈ ತೀರ್ಮಾನ ಹೊಸದಾಗಿ ಕೇಳಿಸುವುದಿಲ್ಲ. ಗಿರಾಕಿಯೊಬ್ಬನಿಗೆ ಹೊಟ್ಟೆ ಕೆಟ್ಟರೆ ಸಂಶಯದ ದೃಷ್ಟಿ ಮೊದಲು ಬೀಳುವುದು ಮೋರಿಯ ಬದಿಯಲ್ಲಿ ತಟ್ಟೆ ತೊಳೆಯುವ ಹುಡುಗನ ಮೇಲೆ. ನಲ್ಲಿಯ ನೀರಿನ ಮೇಲೆ ಬೀಳುವುದಿಲ್ಲ, ಹಾಲಿನ ವ್ಯಾಪಾರಿಯ ಮೇಲೆ ಬೀಳುವುದಿಲ್ಲ. ಕೆಲವು ವೇಳೆ ಸಂಶಯ ನಿಜವೂ ಆಗಿರುತ್ತದೆ. ಹಾಗೆಂದು ಪ್ರತಿಯೊಂದು ಸಲವೂ ನಿಜವಾಗಬೇಕಿಲ್ಲ.

ಆ ಊರಿನವರಿಗೆ ಮಾತ್ರ ನೆಮ್ಮದಿಯಾಗಲಿಲ್ಲ. ೧೯೮೫ರ ಫೆಬ್ರವರಿಯಲ್ಲಿ ಆರೆಗಾನ್ ರಾಜ್ಯದ ಲೋಕಪ್ರತಿನಿಧಿ ಜೇಮ್ಸ್ ವೀವರ್ ಎಂಬವರು ಅಮೇರಿಕೆಯ ಪ್ರತಿನಿಧಿ ಸಭೆಯಲ್ಲಿ ಎದ್ದು ನಿಂತು, ಇದು ಕೈ ತೊಳೆಯದವರ ಕೆಲಸವಲ್ಲ, ಉದ್ದೇಶಪೂರ್ವಕವಾದ ಕೃತ್ಯವೆಂದು ವಾದಿಸಿದರು. ಆಗ ಆ ಮಾತಿಗೆ ಹೆಚ್ಚಿನ ಬೆಲೆ ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಶೀಲಾ ಯೂರೋಪಿಗೆ ಹೊರಟುಹೋದ ಮೇಲೆ ರಜನೀಶರೇ ಪತ್ರಕರ್ತರನ್ನು ಕರೆದು ಆಕೆಯ ಮೇಲೂ ಆಕೆಯ ಸಂಗಡಿಗರ ಮೇಲೂ ಆರೋಪ ಹೊರಿಸಿದರು. ಆ ಬಳಿಕ ಪೋಲೀಸರು ರಜನೀಶಪುರಂನ ಪ್ರಯೋಗಶಾಲೆಯನ್ನು ಶೋಧಿಸಿದಾಗ ಅದೇ ತಳಿಯ ರೋಗಾಣುವಿನ ಶೀಸೆ ದೊರೆಯಿತು. ೧೯೮೬ರಲ್ಲಿ ಶೀಲಾಗೆ ಶಿಕ್ಷೆಯಾಯಿತು. ಇಪ್ಪತ್ತು ವರ್ಷಗಳ ಶಿಕ್ಷೆಯೆಂದು ಹೇಳಿದರೂ ಎರಡೂವರೆ ವರ್ಷದೊಳಗೆ ಬಿಡುಗಡೆಯೂ ಆಯಿತು. ಅಡಿಗೆಮನೆಯ ಮೇಲೆ ಹೊರಿಸಿದ ಅಪವಾದ ಅಲ್ಲಿಯವರೆಗೆ ಹೆಚ್ಚುಕಡಮೆ ಒಂದು ವರ್ಷ ಹಾಗೆಯೇ ನಿಂತಿತ್ತು. ಇಡೀ ಪ್ರಕರಣದ ವೈಜ್ಞಾನಿಕ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದುದು ೧೯೯೭ರಲ್ಲಿ. ಇತರರು ಇದನ್ನು ಅನುಕರಿಸಿಯಾರೆಂಬ ಭಯದಿಂದ ತಡೆದಿಟ್ಟರಂತೆ. ಈ ಭಯಕ್ಕೆ ಅರ್ಥವಿಲ್ಲವೆಂದು ನಾವು ಹೇಳಲಾರೆವು. ಆದರೆ ನಡುವಿನ ಆ ಹನ್ನೆರಡು ವರ್ಷಗಳಲ್ಲಿ ಜಗತ್ತಿನ ಇತರ ಊರುಗಳ ವೈದ್ಯರಿಗೂ ಹೋಟೆಲಿನವರಿಗೂ ಎಚ್ಚರದ ಮಾತು ತಲಪದೆ ಹೋಯಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಟೋಕಿಯೋದ ದುರಂತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೯೫ರ ಮಾರ್ಚ್ ೨೦ರಂದು ಬೆಳಗ್ಗೆ, ಕಚೇರಿಗೆ ಹೋಗುವವರ ನೂಕುನುಗ್ಗಲಿನ ಹೊತ್ತಿನಲ್ಲಿ, ಓಂ ಶಿನ್ರಿಕ್ಯೋ ಎಂಬ ಪಂಗಡದವರು ಐದು ಭೂಗತ ರೈಲುಗಳಲ್ಲಿ ಸಾರಿನ್ ವಿಷವನ್ನು ಬಿಟ್ಟರು. ಗುರಿಯಾಗಿದ್ದುದು ಸರಕಾರಿ ಇಲಾಖೆಗಳು ನೆರೆದಿರುವ ಕಾಸುಮಿಗಾಸೆಕಿ. ಹದಿಮೂರಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಜನ ಆಸ್ಪತ್ರೆಗಳಿಗೆ ಧಾವಿಸಿದರು. ಸತ್ತವರಲ್ಲಿ ಇಬ್ಬರು, ಆ ವಿಷದ ಪೊಟ್ಟಣವನ್ನೂ ಚೆಲ್ಲಿದ ದ್ರವವನ್ನೂ ತೆಗೆದು ಶುಚಿಗೊಳಿಸಲು ಮುಂದಾದ ರೈಲ್ವೆ ನೌಕರರು. ಗಾಡಿ ತಡವಾಗಬಾರದು, ಪ್ರಯಾಣಿಕರಿಗೆ ತೊಂದರೆಯಾಗಬಾರದು ಎಂಬ ಕರ್ತವ್ಯಬುದ್ಧಿಯೇ ಅವರ ಪ್ರಾಣವನ್ನು ತೆಗೆಯಿತೆನ್ನಬೇಕು. ಅದಕ್ಕೂ ಹಿಂದಿನ ವರ್ಷ, ೧೯೯೪ರ ಜೂನಿನಲ್ಲಿ, ಇದೇ ಪಂಗಡ ಮಾತ್ಸುಮೋತೋ ಎಂಬ ಊರಿನಲ್ಲಿ ಅದೇ ವಿಷವನ್ನು ಪ್ರಯೋಗಿಸಿ ಎಂಟು ಜನರನ್ನು ಕೊಂದಿತ್ತು. ಆಗ ಪೋಲೀಸರು ಸಂಶಯಪಟ್ಟುದು ಯಾರ ಮೇಲೆ? ತನ್ನ ಹೆಂಡತಿ ವಿಷ ತಾಗಿ ಪ್ರಜ್ಞೆ ತಪ್ಪಿ ಬಿದ್ದಿದ್ದ, ಮೊಟ್ಟಮೊದಲು ಸುದ್ದಿ ಮುಟ್ಟಿಸಿದ ನೆರೆಯ ಗೃಹಸ್ಥನ ಮೇಲೆ! ಆ ಬಡಪಾಯಿಯನ್ನು ಶಂಕಿಸುತ್ತ ಕಳೆದ ತಿಂಗಳುಗಳಲ್ಲಿ ನಿಜವಾದ ಪಾತಕಿಗಳು ಟೋಕಿಯೋಗೆ ಸಿದ್ಧತೆ ಮಾಡಿಕೊಂಡರು.

ನಮ್ಮ ಗುಮಾಸ್ತ ಬಂಧುಗಳು ಮುಖ್ಯವಾಗಿ ಓದಬೇಕಾದುದು ೨೦೦೧ರ ಕಥೆ. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಮೇರಿಕೆಯ ಪತ್ರಿಕಾ ಸಂಸ್ಥೆಗಳಿಗೂ ಇಬ್ಬರು ಸೆನೆಟರುಗಳಿಗೂ ಆಂತ್ರಾಕ್ಸ್ ಎಂಬ ಭಯಂಕರ ರೋಗದ ಬೀಜಾಣುಗಳ ಪುಡಿಯನ್ನು ತುಂಬಿದ ಲಕೋಟೆಗಳು ಟಪಾಲಿನಲ್ಲಿ ಹೋದವು. ಒಟ್ಟು ೨೨ ಮಂದಿಗೆ ರೋಗ ತಗಲಿತು. ಐವರು ಸತ್ತರು.

ಸೆನೆಟರ್ ಡ್ಯಾಶಲ್ ಅವರ ಕಚೇರಿಯಲ್ಲಿ ಲಕೋಟೆಯೊಂದನ್ನು ತೆರೆದುದು ಅಕ್ಟೋಬರ್ ೧೫ರಂದು. ತತ್‌ಕ್ಷಣವೇ ಅಲ್ಲಿದ್ದವರಿಗೆ ಪರೀಕ್ಷೆ, ಔಷಧ ಎಲ್ಲವೂ ದೊರೆತವು. ಎರಡು ದಿನಗಳೊಳಗೆ ಆ ದೊಡ್ಡ ಸೆನೆಟ್ ಕಟ್ಟಡಕ್ಕೆ ಬೀಗ ಬಿತ್ತು. ಇದು ಯೋಗ್ಯವಾದ ಕ್ರಮವೇ. ಅಲ್ಲಿ ಒಬ್ಬನೂ ಸಾಯಲಿಲ್ಲ. ಆದರೆ ಆ ಲಕೋಟೆ ಸೆನೆಟರ ಮೇಜಿಗೆ ಆಕಾಶದಿಂದ ಇಳಿದು ಬಂದಿರಲಿಲ್ಲ. ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಎಂಬ ಟಪಾಲು ವಿಂಗಡಣೆಯ ಕೇಂದ್ರವನ್ನು ಹಾದು ಬಂದಿತ್ತು. ಅಲ್ಲಿ ಎರಡು ಸಾವಿರದಷ್ಟು ನೌಕರರು ಹಗಲಿರುಳು ದುಡಿಯುತ್ತಿದ್ದರು. ಅಂಟಿಸಿದ ಲಕೋಟೆಯಿಂದ ಪುಡಿ ಹೊರಬೀಳಲಾರದೆಂಬುದು ಅಧಿಕಾರಿಗಳ ನಂಬಿಕೆಯಾಗಿತ್ತು. ಯಂತ್ರದ ಉರುಳೆಗಳ ನಡುವೆ ಲಕೋಟೆಗಳು ಹೇಗೆ ಹಿಚುಕಲ್ಪಡುತ್ತವೆ, ಯಂತ್ರದ ಧೂಳನ್ನು ಗಾಳಿ ಊದಿ ಹೇಗೆ ಹಾರಿಸುತ್ತಾರೆ ಎಂಬುದು ಅಲ್ಲಿ ದುಡಿಯುವ ಯಾವನಿಗೂ ಗೊತ್ತಿದ್ದ ವಿಷಯ. ಅದನ್ನು ನಂಬಿಕೆಯ ತೂಕದಲ್ಲಿ ಯಾರೂ ಹಾಕಿ ನೋಡಲಿಲ್ಲ. ಬ್ರೆಂಟ್‌ವುಡ್ ಮುಚ್ಚಿದುದು ಅಕ್ಟೋಬರ್ ೨೧ರಂದು. ಅದೇ ದಿನ ಥಾಮಸ್ ಮೋರಿಸ್ ಎಂಬ ನೌಕರನೂ ಮರುದಿನ ಜೋಸೆಫ್ ಕರ್ಸೀನ್ ಎಂಬ ನೌಕರನೂ ತೀರಿಕೊಂಡರು. ಕರ್ಸೀನ್ ಹಿಂದಿನ ದಿನ ಆಸ್ಪತ್ರೆಗೆ ಹೋಗಿದ್ದನು; ಅವನನ್ನು ಮನೆಗೆ ಕಳುಹಿಸಿದ್ದರು. ಸೆನೆಟಿನ ಸಿಬ್ಬಂದಿಗೆ ಔಷಧ ಸಿಕ್ಕ ದಿನಕ್ಕೂ ಟಪಾಲಿನವರಿಗೆ ಸಿಕ್ಕ ದಿನಕ್ಕೂ ನಡುವಿನ ಅಂತರ ಒಂದು ವಾರಕ್ಕೂ ಕಡಮೆ. ಆ ವಾರದೊಳಗೆ ಇಬ್ಬರ ಬದುಕು ಮುಗಿಯಿತು. ತರುವಾಯ ಆ ಕೇಂದ್ರವನ್ನು ಎರಡು ವರ್ಷಕ್ಕೂ ಮಿಕ್ಕಿ ಶುದ್ಧಿಗೊಳಿಸಿ, ಸತ್ತ ಇಬ್ಬರ ಹೆಸರನ್ನೇ ಅದಕ್ಕೆ ಇಟ್ಟರು. ಸರಕಾರಗಳು ಹೆಸರಿಡುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ.

ಅಪರಾಧಿಯ ಶೋಧವೂ ಸುಗಮವಾಗಿರಲಿಲ್ಲ. ಸ್ಟೀವನ್ ಹ್ಯಾಟ್‌ಫಿಲ್ ಎಂಬ ವಿಜ್ಞಾನಿಯನ್ನು ವರ್ಷಗಟ್ಟಲೆ ಸಂಶಯದ ಬೆಳಕಿನಲ್ಲಿ ನಿಲ್ಲಿಸಿ, ಕೊನೆಗೆ ೨೦೦೮ರಲ್ಲಿ ಐವತ್ತೆಂಟು ಲಕ್ಷ ಡಾಲರುಗಳಷ್ಟು ಪರಿಹಾರ ಕೊಡಲು ಸರಕಾರ ಒಪ್ಪಬೇಕಾಯಿತು. ಸಂಶಯ ಬ್ರೂಸ್ ಐವಿನ್ಸ್ ಎಂಬ ಇನ್ನೊಬ್ಬ ವಿಜ್ಞಾನಿಯ ಮೇಲೆ ತಿರುಗಿತು. ವಿಚಾರಣೆಗೆ ಮೊದಲೇ ಅವನು ಆತ್ಮಹತ್ಯೆ ಮಾಡಿಕೊಂಡನು. ಅವನೇ ಅಪರಾಧಿಯೆಂದು ಸರಕಾರ ೨೦೧೦ರಲ್ಲಿ ಕಡತ ಮುಚ್ಚಿತು. ವಿಜ್ಞಾನದ ಆಧಾರ ಒಂದರಿಂದಲೇ ಹಾಗೆ ನಿರ್ಣಯಿಸಲಾಗದೆಂದು ಮರುವರ್ಷ ತಜ್ಞರ ಮಂಡಳಿ ಹೇಳಿತು. ಐವಿನ್ಸ್ ಕೆಲಸ ಮಾಡುತ್ತಿದ್ದುದು ಎಲ್ಲಿ? ಇಂಥ ರೋಗಗಳಿಂದ ದೇಶವನ್ನು ರಕ್ಷಿಸಲೆಂದೇ ಸ್ಥಾಪಿತವಾದ ಸರಕಾರದ ಸೈನಿಕ ಪ್ರಯೋಗಶಾಲೆಯಲ್ಲಿ. ಸರಕಾರದ ನಿರ್ಣಯವೇ ಸರಿಯೆಂದಿಟ್ಟುಕೊಂಡರೆ, ಕಳ್ಳ ಕಾವಲುಗಾರರ ಕೋಣೆಯಲ್ಲಿಯೇ ಇದ್ದನೆಂದಾಯಿತು. ಹೀಗಿದ್ದೂ ಆ ಸರಕಾರ ೨೦೦೪ರಲ್ಲಿ ಲಸಿಕೆ, ಔಷಧಗಳ ಸಂಗ್ರಹಕ್ಕೆಂದು ಹತ್ತು ವರ್ಷಗಳಿಗೆ ೫೬೦ ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಮಾರಕ ರೋಗಾಣುಗಳನ್ನು ಮುಟ್ಟುವ ಪ್ರಯೋಗಶಾಲೆಗಳೂ ಹೆಚ್ಚಿದವು. ಔಷಧದ ಸಂಗ್ರಹ ಬೇಕು. ಆದರೆ ಶೀಸೆ ಮುಟ್ಟುವ ಕೈಗಳು ಹೆಚ್ಚಿದಷ್ಟೂ ಕಾವಲು ಕಷ್ಟವಾಗುವುದೆಂಬುದು ಸಾಮಾನು ಕೋಣೆಯ ಬೀಗದ ಕೈ ಇಟ್ಟುಕೊಂಡ ಯಾವ ಮೇಸ್ತ್ರಿಗೂ ತಿಳಿದ ಮಾತು.

ಇನ್ನು ಕಾನೂನುಗಳ ವಿಚಾರ. ರೋಗಾಣು ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ೧೯೭೨ರಲ್ಲಿ ಆಯಿತು. ೧೯೭೫ರಲ್ಲಿ ಜಾರಿಗೆ ಬಂತು. ಭಾರತವೂ ಅದಕ್ಕೆ ಸೇರಿದೆ. ಅದು ರಾಷ್ಟ್ರಗಳನ್ನು ಕಟ್ಟಿಹಾಕಿತೇ ಹೊರತು ಪಂಗಡಗಳನ್ನೂ ವ್ಯಕ್ತಿಗಳನ್ನೂ ಅಲ್ಲ. ಆದಕಾರಣ ೨೦೦೪ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ ೧೫೪೦ನೆಯ ಠರಾವಿನಿಂದ, ಇಂಥ ಅಸ್ತ್ರಗಳು ಭಯೋತ್ಪಾದಕರ ಕೈಸೇರದಂತೆ ಪ್ರತಿಯೊಂದು ದೇಶವೂ ಕಾನೂನು ಮಾಡಬೇಕೆಂದು ವಿಧಿಸಿತು. ನಮ್ಮ ಲೋಕಸಭೆ ೨೦೦೫ರಲ್ಲಿಯೇ ಸಾಮೂಹಿಕ ವಿನಾಶಕ ಅಸ್ತ್ರಗಳ ಕಾಯಿದೆಯನ್ನು ಮಾಡಿತು. ೨೦೨೨ರಲ್ಲಿ ತಿದ್ದುಪಡಿ ತಂದು ಇಂಥ ಕೃತ್ಯಗಳಿಗೆ ಹಣ ಒದಗಿಸುವುದನ್ನೂ ನಿಷೇಧಿಸಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ೨೦೦೮ರಲ್ಲಿ ಜೈವಿಕ ವಿಪತ್ತುಗಳ ಕುರಿತು ಮಾರ್ಗಸೂಚಿಯನ್ನು ಹೊರಡಿಸಿದೆ. ಪುಣೆಯ ವೈರಾಣು ಸಂಸ್ಥೆಯಲ್ಲಿ ಅತ್ಯುಚ್ಚ ಮಟ್ಟದ ಸುರಕ್ಷಿತ ಪ್ರಯೋಗಶಾಲೆಯಿದೆ. ಸರಕಾರ ನಿದ್ರಿಸುತ್ತಿದೆಯೆಂದು ಆಪಾದಿಸುವುದು ಅನ್ಯಾಯವಾದೀತು. ಆದರೂ ಕಾನೂನಿನ ಕೈ ಅಪರಾಧಿಯ ಕೊರಳಪಟ್ಟಿಗೆ ಎಟುಕುವುದು ಕೃತ್ಯ ನಡೆದ ಬಳಿಕ. ಡ್ಯಾಲ್ಸಿನಲ್ಲಿ ಅದಕ್ಕೆ ಒಂದು ವರ್ಷ ಬೇಕಾಯಿತು, ಅದೂ ಒಳಗಿನವರೇ ಬಾಯಿಬಿಟ್ಟ ಮೇಲೆ.

ರೋಗಾಣುವನ್ನು ಬೇಕೆಂದೇ ಬಿಟ್ಟರೋ, ತಾನಾಗಿಯೇ ಬಂತೋ ಎಂಬುದು ಮೊದಲ ದಿನ ಯಾರಿಗೂ ತಿಳಿಯುವುದಿಲ್ಲ. ಮೊದಲ ದಿನ ತಿಳಿಯುವುದು ಇಷ್ಟೇ: ಒಂದೇ ಓಣಿಯಿಂದ ಹತ್ತು ಮಂದಿ ಒಂದೇ ಬಗೆಯ ಕಾಯಿಲೆಯೊಡನೆ ದವಾಖಾನೆಗೆ ಬಂದಿದ್ದಾರೆ. ಅದನ್ನು ಬರೆದುಕೊಳ್ಳುವ ವೈದ್ಯನೂ, ಬರೆದುದನ್ನು ಮೇಲಕ್ಕೆ ಕಳುಹಿಸುವ ಗುಮಾಸ್ತನೂ, ರಕ್ತಮಲಾದಿಗಳ ಪರೀಕ್ಷೆಯನ್ನು ಅದೇ ದಿನ ಮುಗಿಸುವ ಪ್ರಯೋಗಶಾಲೆಯೂ ಇದ್ದರೆ ಆ ಊರು ರಕ್ಷಿತವಾದ ಊರು. ೨೦೦೪ರಲ್ಲಿ ಕೇಂದ್ರ ಸರಕಾರ ರೋಗಗಳ ನಿಗಾ ಯೋಜನೆಯೊಂದನ್ನು ಈ ಉದ್ದೇಶದಿಂದಲೇ ಆರಂಭಿಸಿತು. ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ೩೫ನೆಯ ಕಲಮಿನಲ್ಲಿ, ಆಹಾರದಿಂದ ವಿಷಬಾಧೆಯಾದ ಪ್ರಕರಣಗಳನ್ನು ವೈದ್ಯರು ವರದಿ ಮಾಡಬೇಕೆಂದು ವಿಧಿಸುವ ಅಧಿಕಾರವೂ ಇದೆ. ಕಾಗದದ ಮೇಲೆ ಕೊರತೆಯಿಲ್ಲ. ನಮ್ಮ ಹೋಟೆಲು ಹುಡುಗ ಜ್ವರ ಬಂದಾಗ ಹೋಗುವುದು ಗಲ್ಲಿಯ ತುದಿಯ ವೈದ್ಯನ ಬಳಿಗೆ. ಅವನು ಎರಡು ಗುಳಿಗೆ ಕೊಟ್ಟು ಕಳುಹಿಸುತ್ತಾನೆ. ಆ ಕಾಯಿಲೆ ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ.

೧೯೯೪ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾವಧಿ ಜನ ಗಾಡಿ ಹತ್ತಿ ಓಡಿಹೋದುದು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಮರುವರ್ಷ ಅಲ್ಲಿಗೆ ನಗರಸಭೆಯ ಕಮಿಶನರರಾಗಿ ಬಂದ ಎಸ್. ಆರ್. ರಾವ್ ಎಂಬ ಅಧಿಕಾರಿ ಕಸವನ್ನು ತೆಗೆಯಿಸಿ, ಉಪಾಹಾರಗೃಹಗಳಿಗೂ ಬಿಗಿಯಾದ ನಿಯಮ ಹಾಕಿ, ಸ್ವಲ್ಪವೇ ಕಾಲದಲ್ಲಿ ಆ ಊರನ್ನು ದೇಶದ ಶುಚಿಯಾದ ನಗರಗಳ ಸಾಲಿಗೆ ತಂದರು. ಅಲ್ಲಿ ವಿಶೇಷ ಕಾನೂನೂ ಇರಲಿಲ್ಲ, ಕೋಟಿ ಡಾಲರುಗಳೂ ಇರಲಿಲ್ಲ.

ಇನ್ನೊಂದು ಸಂಗತಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿದುದು ಮುಂಬಯಿಯ ಪ್ಲೇಗಿನಿಂದ. ೨೦೨೦ರಲ್ಲಿ ಕೊರೋನಾ ಬಂದಾಗ ಅದೇ ಕಾಯಿದೆಯನ್ನೂ ೨೦೦೫ರ ವಿಪತ್ತು ಕಾಯಿದೆಯನ್ನೂ ಸರಕಾರಗಳು ಕೈಗೆತ್ತಿಕೊಂಡವು. ನಾಳೆ ಯಾವನಾದರೂ ದುಷ್ಟನು ರೋಗಾಣುವನ್ನು ಬೇಕೆಂದೇ ಹರಡಿದರೂ ಹೊರಬರುವುದು ಇವೇ ಕಾಯಿದೆಗಳು, ಇವೇ ಅಧಿಕಾರಿಗಳು. ಮಾರ್ಚ್ ೨೪ರ ರಾತ್ರಿ ಎಂಟು ಗಂಟೆಗೆ ಘೋಷಣೆ, ಹನ್ನೆರಡು ಗಂಟೆಗೆ ದೇಶಕ್ಕೆ ಬೀಗ. ಹೋಟೆಲು ಮುಚ್ಚಿತು, ಹೋಟೆಲಿನಲ್ಲಿಯೇ ಉಂಡು ಹೋಟೆಲಿನಲ್ಲಿಯೇ ಮಲಗುವವನಿಗೆ ಊಟವೂ ಸೂರೂ ಒಟ್ಟಿಗೇ ಸಂದೇಹಕ್ಕೆ ಬಿದ್ದವು. ಮೇ ತಿಂಗಳಿನಲ್ಲಿ ಊರಿಗಾದರೂ ಹೋಗೋಣವೆಂದು ಹೊರಟರೆ, ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ನಮ್ಮ ತವರು ರಾಜ್ಯವೇ ಬಾಗಿಲು ಹಾಕಿತು. ಮುಂಬಯಿಯವರೆಂಬ ಶಬ್ದವೇ ಕೆಲವು ಹಳ್ಳಿಗಳಲ್ಲಿ ರೋಗದ ಹೆಸರಾಯಿತು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಕಳುಹಿಸಿದ ಹಣವನ್ನು ಯಾರೂ ಸೋಂಕು ಎಂದಿರಲಿಲ್ಲ! ರೋಗವನ್ನು ತಡೆಯಲು ಗಡಿಯನ್ನು ಮುಚ್ಚಬೇಕಾದ ಪ್ರಸಂಗ ಬರಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಗಡಿಯ ಎರಡೂ ಬದಿಗಳಲ್ಲಿ ಹೊರಗಿನವನಾಗಿಬಿಟ್ಟ ದುಡಿಮೆಗಾರನು ಎಲ್ಲಿ ನಿಲ್ಲಬೇಕೆಂಬುದನ್ನು ಮುಂಚಿತವಾಗಿಯೇ ಯೋಚಿಸಿಡಬೇಕೆಂಬುದಷ್ಟೇ ನಮ್ಮ ವಾದ.

ಮಾಲೀಕ ಬಂಧುಗಳಿಗೂ ಒಂದು ಮಾತು ಹೇಳದೆ ಬಿಡಲಾರೆವು. ಆಹಾರವನ್ನು ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ, ವಿಷಮಶೀತ ಜ್ವರದ ಚುಚ್ಚುಮದ್ದು ಆಗಬೇಕೆಂದು ನಿಯಮವಿದೆ. ಎಷ್ಟು ಹೋಟೆಲುಗಳಲ್ಲಿ ಪ್ರಮಾಣಪತ್ರ ಬರುತ್ತದೆ, ವೈದ್ಯನು ಬರುವುದಿಲ್ಲ ಎಂಬುದು ಈ ಧಂದೆಯಲ್ಲಿದ್ದವರಿಗೆಲ್ಲ ಗೊತ್ತು. ಭೇದಿಯಾದ ಹುಡುಗನು ಆ ದಿನದ ಪಗಾರ ಹೋಗುವುದೆಂಬ ಹೆದರಿಕೆಯಿಂದ ಸುಮ್ಮನೆ ಬಂದು ಚಟ್ನಿ ಬಡಿಸುತ್ತಾನೆ. ಸಂಬಳಸಹಿತವಾದ ಎರಡು ದಿನಗಳ ರಜೆ ಅವನಿಗೆ ಕೊಟ್ಟರೆ ಆಗುವ ಖರ್ಚು, ಒಂದು ವಾರ ಹೋಟೆಲಿಗೆ ಬೀಗ ಬಿದ್ದರೆ ಆಗುವ ನಷ್ಟದ ಮುಂದೆ ಯಾವ ಲೆಕ್ಕದ್ದು? ಇಂಥ ವಿಷಯಗಳನ್ನು ಬಹಿರಂಗವಾಗಿ ಮಾತನಾಡಿದರೆ ಗಿರಾಕಿಗಳು ಬೆದರುತ್ತಾರೆಂದು ಕೆಲವು ಮಿತ್ರರು ನಮಗೆ ಹೇಳಿದ್ದುಂಟು. ಡ್ಯಾಲ್ಸಿನ ಗಿರಾಕಿಗಳು ಬೆದರಿದುದು ಮಾತಿನಿಂದಲ್ಲ.

ಆದುದರಿಂದ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಮೊದಲಾದ ನಗರಗಳಲ್ಲಿರುವ ನಮ್ಮ ಹೋಟೆಲು ಸಂಘಗಳೂ ನೌಕರರ ಸಂಘಗಳೂ ಕೂಡಿಕೊಂಡು ತಂತಮ್ಮ ನಗರಪಾಲಿಕೆಯ ಆರೋಗ್ಯಾಧಿಕಾರಿಗಳನ್ನು ಕಂಡು ಕೇಳಬೇಕಾದುದಿದೆ. ಹೋಟೆಲು ಕಾರ್ಮಿಕರು ಬೆಳಗಿನ ಕೆಲಸಕ್ಕೂ ಸಂಜೆಯ ಕೆಲಸಕ್ಕೂ ನಡುವಿನ ಬಿಡುವಿನಲ್ಲಿ, ಅಂದರೆ ಮಧ್ಯಾಹ್ನ ಮೂರರಿಂದ ಐದರ ತನಕ, ಪಾಲಿಕೆಯ ದವಾಖಾನೆ ತೆರೆದಿರುವುದೇ? ಒಂದೇ ಹೋಟೆಲಿನ ಮೂವರು ಒಮ್ಮೆಗೇ ಕಾಯಿಲೆ ಬಿದ್ದರೆ ಯಾರಿಗೆ ತಿಳಿಸಬೇಕು, ತಿಳಿಸಿದವನ ಮೇಲೆಯೇ ಅಪವಾದ ಹೊರಿಸುವುದಿಲ್ಲವೆಂಬ ಭರವಸೆ ಯಾರು ಕೊಡುತ್ತಾರೆ? ಸಂಶಯಾಸ್ಪದವಾದ ಲಕೋಟೆಯೋ ಪೊಟ್ಟಣವೋ ಕಂಡಾಗ ಅದನ್ನು ಮುಟ್ಟದೆ ದೂರ ಸರಿಯಬೇಕೆಂಬ ಮಾತನ್ನು ಅದನ್ನು ಗುಡಿಸಲು ಬರುವವನಿಗೆ ಅವನ ಭಾಷೆಯಲ್ಲಿ ಯಾರಾದರೂ ಹೇಳಿದ್ದಾರೆಯೇ? ಕಚೇರಿಯೊಂದರಲ್ಲಿ ಔಷಧ ಹಂಚುವ ಪ್ರಸಂಗ ಬಂದರೆ ಮೊದಲ ಪಟ್ಟಿಯಲ್ಲಿ ಟಪಾಲು ತರುವ ಜವಾನನ ಹೆಸರೂ, ಕ್ಯಾಂಟೀನಿನಿಂದ ಚಹಾ ತರುವ ಹುಡುಗನ ಹೆಸರೂ ಇರುವುವೇ? ಕಂತ್ರಾಟಿನ ನೌಕರನಾದುದರಿಂದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ ಎಂಬ ಉತ್ತರ ಬಂದರೆ, ಆ ಉತ್ತರವನ್ನು ಲಿಖಿತವಾಗಿ ಪಡೆದುಕೊಂಡು ನಮಗೆ ಕಳುಹಿಸಿಕೊಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇವೆ. ಅದನ್ನು ಅಧಿಕಾರಿಯ ಹುದ್ದೆಯ ಸಮೇತ ಇದೇ ಪುಟದಲ್ಲಿ ಅಚ್ಚು ಹಾಕುವೆವು.